ಎರಡೇ ಸೀಟಿನ ಕೆಂಪಿ

ನಮ್ಮ ಕಾಕಾನ ಕೈಗೆ ಸಿಕ್ಕು ತಿರುವುಮುರುವು ಆಗದೆ ಪಾರಾದ ವಸ್ತು ಈ ಭೂಮಿಯ ಮೇಲೆ ಒಂದೂ ಇಲ್ಲ ಎಂದು ನಾನು ಪಂದ್ಯ ಕಟ್ಟಿ ಹೇಳಬಲ್ಲೆ! ಬದನೆಕಾಯಿ ಕೊಂಡರೆ ಬುಡ ಮೇಲೆ ಮಾಡಿ ನೋಡುತ್ತಾನೆ. ಹೋಟೆಲಿನಲ್ಲಿ ದೋಸೆ ಬಂದರೆ ಮೊದಲು ಅದರ ಬೆನ್ನು ನೋಡುತ್ತಾನೆ. ಲಗ್ನಪತ್ರಿಕೆ ಕೊಟ್ಟರೆ ವರ ಯಾರು, ವಧು ಯಾರು ಎಂದು ಓದುವ ಮೊದಲು ಹಿಂದೆ ತಿರುವಿ ಯಾವ ಪ್ರೆಸ್ಸಿನಲ್ಲಿ ಅಚ್ಚಾಗಿದೆ ಎಂದು ನೋಡುತ್ತಾನೆ. ಇಂಥವನಿಗೆ ಒಂದು ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳುವ ಮನಸ್ಸಾದರೆ? ಕಾರನ್ನು ಬುಡಮೇಲು ಮಾಡಿ ನೋಡಲು ಬರುತ್ತದೆಯೇ? ಬರುತ್ತದೆ ಎಂದು ಕಾಕಾ ತೋರಿಸಿಕೊಟ್ಟ.

ಅವನನ್ನು ಪೂರ್ತಿ ಬೈಯುವಂತೆಯೂ ಇಲ್ಲ. ಇಳಕಲ್ಲಿನಲ್ಲಿ ಆಯುಷ್ಯವೆಲ್ಲ ಸೀರೆ ಅಂಗಡಿ ನಡೆಸಿದವನು. ಇಳಕಲ್ಲ ಸೀರೆಯ ಒಡಲಿನ ಹಾಸು, ಅಂದರೆ ಉದ್ದನೆಯ ಎಳೆ, ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿ ಆಮೇಲೆ ನೇಯುತ್ತಾರೆ. ಆ ಕೂಡುವ ಜಾಗ ಸರಿಯಾಗಿದೆಯೋ ಇಲ್ಲವೋ ಎಂಬುದು ಸೀರೆಯ ಮುಖ ನೋಡಿದರೆ ತಿಳಿಯುವುದಿಲ್ಲ, ಬೆನ್ನು ನೋಡಬೇಕು. ಹೀಗೆ ಸೀರೆಯ ಬೆನ್ನು ನೋಡುತ್ತ ನೋಡುತ್ತ ಕಾಕಾ ಜಗತ್ತಿನ ಬೆನ್ನನ್ನೇ ನೋಡಲು ಶುರುಮಾಡಿದ, ಅಷ್ಟೇ.

ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗ ಏನಾಯಿತು ಗೊತ್ತೇ? ಎಲ್ಲರೂ ಅವಲಕ್ಕಿ ತಿನ್ನುತ್ತ ಕೂತಿದ್ದಾರೆ. ಕಾಕಾ ಎದ್ದು ಗಂಡಿನ ಮುಂದೆ ನಿಂತು ಬಹಳ ಮರ್ಯಾದೆಯಿಂದ, "ತಮ್ಮಾ, ಸ್ವಲ್ಪ ಎದ್ದು ಆ ಕಡೆ ತಿರಗ್ರಿ ನೋಡೂನು" ಎಂದ! ಪಾಪ, ಹುಡುಗ ತಿರುಗಿದ. ಕಾಕಾ ಒಳಗೆ ಬಂದು ನನ್ನ ಕಿವಿಯಲ್ಲಿ ವರದಿ ಒಪ್ಪಿಸಿದ: "ಹುಡುಗ ಚಲೋ ಅದಾನ ಅವ್ವಿ. ಆದ್ರ ಅಂಗಿ ಮುಂದಷ್ಟ ಇಸ್ತ್ರಿ ಮಾಡ್ಯಾನ, ಹಿಂದ ಮಾಡಿಲ್ಲ. ಸ್ವಲ್ಪ ಆಳಸಿ." ಲಗ್ನವೇನೋ ಆಯಿತು. ಆದರೆ ಇವತ್ತಿಗೂ ಕಾಕಾ ಬರುತ್ತಾನೆ ಎಂದರೆ ಸಾಕು, ನನ್ನ ಗಂಡ ಅಂಗಿಯ ಬೆನ್ನಿಗೆ ಎರಡೆರಡು ಸಲ ಇಸ್ತ್ರಿ ತಿಕ್ಕುತ್ತಾರೆ.

ಈಗ ಕಾರಿನ ವಿಷಯ. ನಾವಿರುವುದು ಬಾಗಲಕೋಟೆಯ ನವನಗರದಲ್ಲಿ. ನಮ್ಮ ಎದುರು ಮನೆಯಲ್ಲಿ ಒಬ್ಬ ಹಲ್ಲಿನ ಡಾಕ್ಟರು. ಅವರ ಹತ್ತಿರ ಒಂದು ಕೆಂಪು ಕಾರು. ಯಾವುದೋ ಹೊರದೇಶದ ಕಂಪನಿಯದು, ಮೇಲಿನ ಮಾಡು ಮಡಚುವಂಥದ್ದು, ಎರಡೇ ಸೀಟು. ತಂದು ಹದಿನೈದು ವರ್ಷ ಆಗುತ್ತ ಬಂದಿದ್ದರೂ ಓಡಿದ್ದು ಹನ್ನೆರಡು ಸಾವಿರ ಕಿಲೋಮೀಟರ್ ಕೂಡ ಇಲ್ಲ. ಡಾಕ್ಟರು ಮಗಳಿದ್ದ ಹುಬ್ಬಳ್ಳಿಗೆ ಮನೆ ಬದಲಿಸುವವರಿದ್ದರು, ಕಾರು ಮಾರುತ್ತಾರಂತೆ ಎಂದು ಕಾಕಾನಿಗೆ ಫೋನಿನಲ್ಲಿ ಹೇಳಿಬಿಟ್ಟೆ. ಸುಮ್ಮನೆ ಮಾತಿಗೆ ಹೇಳಿದ್ದು! ಮರುದಿನ ಮೊದಲ ಬಸ್ಸಿಗೇ ಕಾಕಾ ನಮ್ಮ ಬಾಗಿಲಲ್ಲಿ. ಕೈಯಲ್ಲಿ ಅಮೀನಗಡದ ಕರದಂಟಿನ ಡಬ್ಬಿ.

"ಯಾರಿಗೆ ಕಾಕಾ ಕರದಂಟು? ನನಗೇನು?"

"ನಿನಗಲ್ಲ. ಡಾಕ್ಟರ ಮನಿಗೆ. ನೋಡಾಕ ಹೊಂಟೇನಿ, ಬರಿಗೈಲೆ ಹೋಗಾಕ ಬರತೈತೇನು?"

ಕನ್ಯೆ ನೋಡಲು ಹೋಗುವ ಕ್ರಮವೇ ಅದು! ಹೋಗುವ ಮೊದಲು ಅಕ್ಕಪಕ್ಕದ ಮನೆಗಳಲ್ಲಿ ವಿಚಾರಣೆಯೂ ಆಯಿತು. ಗಾಡಿ ಬೆಳಗ್ಗೆ ಒಂದೇ ಮಾತಿಗೆ ಏಳುತ್ತದೆಯೇ? ಕೆಮ್ಮುತ್ತದೆಯೇ? ಹೊರಗೆ ಹೋದದ್ದು ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತದೆಯೇ? ಪಕ್ಕದ ಮನೆಯ ಅಜ್ಜಿ, "ಭಾಳ ಸಂಭಾಯಿತರಿ, ಹೊರಗ ಹೊಂಟಿದ್ದ ನೋಡಿಲ್ಲ" ಎಂದು ಸರ್ಟಿಫಿಕೇಟು ಕೊಟ್ಟರು. ಕಾಕಾನಿಗೆ ಅದೇ ಸಂಶಯ. ಕರದಂಟು ಡಾಕ್ಟರ ಕೈಗಿಟ್ಟವನೇ ಅದನ್ನೇ ಕೇಳಿದ:

"ಡಾಕ್ಟರ, ಇಷ್ಟ ಚಂದ ಗಾಡಿ ಯಾಕ ಓಡಿಲ್ರಿ?"

ಡಾಕ್ಟರು ನಿಟ್ಟುಸಿರು ಬಿಟ್ಟರು. "ಏನ್ ಹೇಳೂದ್ರಿ. ಗಾಡಿ ನೆಲಕ್ಕ ಹತ್ತೇತಿ. ನಮ್ಮೂರಾಗ ಹೆಜ್ಜಿಗೊಂದು ಹಂಪ್ಸ್. ಪ್ರತಿ ಹಂಪಿಗೂ ಕೆಳಗ ಕರ್ರ್ ಅಂತಿತ್ತು. ನನಗ ಹಲ್ಲು ತಿಕ್ಕಿದಂಗ ಆಗತಿತ್ತು. ಆಮ್ಯಾಲೆ ಸುಮ್ಕ ನಿಲ್ಲಿಸಿ ನೋಡಕೊಂಡ ಕುಂತೆ."

"ಮಡಿಕಿ ಬದಲಿಸೀರೇನ್ರಿ?"

ಡಾಕ್ಟರು ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ. ಕಾಕಾ ಬಿಡಿಸಿ ಹೇಳಿದ: "ಟ್ರಂಕಿನ್ಯಾಗ ಇಟ್ಟ ಸೀರಿ ಉಟ್ಟ ಸೀರಿಗಿಂತ ಲಗೂ ಹರೀತೈತ್ರಿ. ಒಂದ ಮಡಿಕಿ ಮ್ಯಾಲೆ ವರ್ಷಗಟ್ಟಲೆ ಇಟ್ರ ಮಡಿಕಿ ಗುಂಟ ಸೀಳತೈತಿ. ಆಗಾಗ ತಗದು ಝಾಡಿಸಿ ಬ್ಯಾರೆ ಮಡಿಕಿ ಹಾಕಬೇಕು. ಗಾಡೀದೂ ಹಂಗ. ಟಾಯರು ಒಂದ ಮಗ್ಗಲಾ ನಿಂತ್ರ ಕೆಡತಾವು."

ಡಾಕ್ಟರ ಮುಖ ಅರಳಿತು! ಪ್ರತಿ ರವಿವಾರ ಕಾರನ್ನು ಚಾಲೂ ಮಾಡಿ ನಾಲ್ಕು ಮಾರು ಮುಂದೆ, ನಾಲ್ಕು ಮಾರು ಹಿಂದೆ ಆಡಿಸುತ್ತಿದ್ದರಂತೆ. ಮನೆಯವರೆಲ್ಲ ನಗುತ್ತಿದ್ದರಂತೆ. ಜೀವನದಲ್ಲಿ ಮೊದಲ ಸಲ ತಮ್ಮನ್ನು ಅರ್ಥಮಾಡಿಕೊಂಡವರು ಸಿಕ್ಕರು ಎಂಬಂತೆ ಕಾಕಾನ ಕೈ ಹಿಡಿದು ಕುಲುಕಿದರು. ಇಬ್ಬರು ತಿಕ್ಕಲರು ಒಂದೇ ಕಡೆ ಸೇರಿದರೆ ನನ್ನಂಥವಳ ಗತಿ ಏನು? ಚಹಾ ಮಾಡಲು ಮನೆಗೆ ಬಂದೆ.

ಚಹಾ ತೆಗೆದುಕೊಂಡು ಮರಳುವಷ್ಟರಲ್ಲಿ ಕಾಕಾ ಕಾರಿನ ಬೆನ್ನು ನೋಡಲು ಹೊರಟಿದ್ದ. ನೆಲಕ್ಕೂ ಕಾರಿಗೂ ನಡುವೆ ಮುಷ್ಟಿ ಹಿಡಿಯುವಷ್ಟು ಜಾಗ. ಕಾಕಾ ಅಂಗಿ ಬಿಚ್ಚಿ, ಚಾಪೆ ಹಾಸಿ, ಅಡ್ಡ ಮಲಗಿ ತಲೆ ತೂರಿಸಲು ನೋಡಿದ. ತಲೆ ಹೋಗಲಿಲ್ಲ, ಮೂಗು ಹೋಯಿತು. "ಕಾಣಂಗಿಲ್ಲ, ಇದನ್ನ ಎತ್ತಬೇಕು" ಎಂದ. ಗಾಡಿ ತೊಳೆಯುವ ಕಡೆ ಒಯ್ದು ಮೇಲೆತ್ತಿಸಿದ್ದೂ ಆಯಿತು. ಕಾಕಾ ಕೆಳಗೆ ನಿಂತು, ಎಲ್ಲೆಲ್ಲಿ ಕಬ್ಬಿಣಕ್ಕೆ ಕಬ್ಬಿಣ ಕೂಡಿದೆಯೋ ಅಲ್ಲೆಲ್ಲ ಬೆರಳಾಡಿಸಿ ಕೊಂಡಿ ಹುಡುಕಿದ. ಒಂದು ಕಡೆ ಹಂಪು ಕೆರೆದ ಗಾಯ ಬಿಟ್ಟರೆ ಮತ್ತೇನೂ ಸಿಗಲಿಲ್ಲ. ತಪ್ಪು ಸಿಗದಿದ್ದರೆ ಕಾಕಾನಿಗೆ ಇನ್ನೂ ಚಿಂತೆ!

ಆಮೇಲೆ ಒಳಗೆ ಕೂತು ನೋಡಿದ. ಕೂತದ್ದೇನೋ ಸಲೀಸು, ಜಾರಿ ಒಳಗೆ ಬಿದ್ದಂತೆ. ಏಳುವುದು? ಒಂದು ಕಾಲು ಹೊರಗೆ ಬಂತು, ಮನುಷ್ಯ ಬರಲಿಲ್ಲ. ಡಾಕ್ಟರು ಒಂದು ಕೈ, ನಾನು ಒಂದು ಕೈ ಹಿಡಿದು, ಬಾವಿಯಿಂದ ತುಂಬಿದ ಕೊಡ ಸೇದಿದಂತೆ ಸೇದಿದೆವು. ಹೊರಗೆ ಬಂದವನೇ, "ಕುಂಡ್ರಾಕ ಭಾಳ ಆರಾಮ ಐತಿ" ಎಂದ.

ಆ ದಿನದಿಂದ ಕಾರಿಗೆ 'ಕೆಂಪಿ' ಎಂದು ಹೆಸರಾಯಿತು. ಕೊಳ್ಳುತ್ತಾನೋ ಬಿಡುತ್ತಾನೋ ಮಾತ್ರ ಗೊತ್ತಾಗಲಿಲ್ಲ. ವಾರಕ್ಕೊಮ್ಮೆ ಬರುತ್ತಿದ್ದ, ತಿರುವಿ ನೋಡುತ್ತಿದ್ದ, ಕರದಂಟು ಕೊಟ್ಟು ಹೋಗುತ್ತಿದ್ದ. ಬಸ್ಸು ಹುನಗುಂದ ದಾಟುವಾಗ, "ಬಿಡು, ಸಾಮಾನು ಬೇಕಂದ್ರ ಮುಂಬಯಿಂದ ತರಸಬೇಕಂತ. ಬ್ಯಾಡ" ಎಂದು ಫೋನು. ಇಳಕಲ್ಲು ಮುಟ್ಟಿದ ಮೇಲೆ, "ಬ್ಯಾಟರಿ ಅಂತೂ ಹೊಸಾದು ಹಾಕ್ಯಾರ ನೋಡು" ಎಂದು ಮತ್ತೊಂದು ಫೋನು. ಇಷ್ಟರಲ್ಲಿ ಡಾಕ್ಟರ ಸಾಮಾನೆಲ್ಲ ಗೋಣಿಚೀಲ ಸೇರಿತು. ಬಾದಾಮಿಯ ಕಡೆ ಲಾಡ್ಜು ಕಟ್ಟಿಸಿದ ಒಬ್ಬರು, ಬಾಗಿಲ ಮುಂದೆ ಶೋಭೆಗೆ ನಿಲ್ಲಿಸಲು ಕಾರು ಕೇಳುತ್ತಿದ್ದಾರೆ ಎಂದೂ ತಿಳಿಯಿತು. ಡಾಕ್ಟರು ನನ್ನನ್ನು ಕರೆದು, "ನಿಮ್ಮ ಕಾಕಾರಿಗೆ ಕೊಡಬೇಕಂತ ನನ್ನ ಮನಸು. ಆದ್ರ ಈ ರವಿವಾರ ಒಂದ ಮಾತು ಹೇಳಿಬಿಡಲಿ" ಎಂದರು.

ಆ ಶನಿವಾರ ಇಳಕಲ್ಲಿನಲ್ಲಿ ಕಾಕಾನ ಮನೆಯಲ್ಲಿ ಪಂಚಾಯಿತಿ ಸೇರಿತು. ನಾನು, ನಮ್ಮಪ್ಪ, ಈಗ ಅಂಗಡಿ ನೋಡಿಕೊಳ್ಳುವ ಕಾಕಾನ ಮಗ. ಕಾಕಾನ ಹೆಂಡತಿ, ನಮ್ಮ ಕಾಕು, ಎಲ್ಲರಿಗೂ ರೊಟ್ಟಿ ಬಡಿಸುತ್ತಿದ್ದಳು.

ಮಗ ಶುರುಮಾಡಿದ: "ಅಪ್ಪಾ, ನಿನಗ ಗಾಡಿ ಬೇಕಂದ್ರ ದೊಡ್ಡ ಗಾಡಿ ತಗೋ. ಎಂಟ ಮಂದಿ ಕುಂಡ್ರೂದು. ಎರಡ ಸೀಟಿನ ಗಾಡಿ ತಗೊಂಡು ಏನ್ ಮಾಡ್ತಿ?"

ನಮ್ಮಪ್ಪನಿಗೆ ಅದೇ ಸಿಟ್ಟು. "ಅಲ್ಲಲೇ, ನಾ ಎಲ್ಲಿ ಕುಂಡ್ರಲಿ?"

ಇಲ್ಲಿ ನಮ್ಮ ಮನೆತನದ ಜೀಪಿನ ಕಥೆ ಹೇಳಬೇಕು. ಕಾಕಾನ ಹತ್ತಿರ ಒಂದು ಜೀಪಿತ್ತು. ಹೋದ ವರ್ಷ ಗುಜರಿಗೆ ಹಾಕುವವರೆಗೂ ಅದು ಸೀರೆಯ ಗಂಟು ಹೊತ್ತದ್ದಕ್ಕಿಂತ ನಮ್ಮನ್ನು ಹೊತ್ತದ್ದೇ ಹೆಚ್ಚು. ಯಾರಿಗೆ ಹೆರಿಗೆ ನೋವು ಬರಲಿ, ಯಾರ ಲಗ್ನದ ಕುಪ್ಪಸದ ಖಣ ತರಲು ಗುಳೇದಗುಡ್ಡಕ್ಕೆ ಹೋಗಬೇಕಾಗಲಿ, ಕಾಕಾನ ಜೀಪು. ಅದರಲ್ಲಿ ಒಂದೇ ಕಾನೂನು: ವಾಂತಿ ಬರುವವರಿಗೆ ಮುಂದಿನ ಸೀಟು. ಈ ಕಾನೂನು ಜಾರಿಗೆ ಬಂದದ್ದೇ ತಡ, ನಮ್ಮ ಬಳಗದಲ್ಲಿ ಎಂಥ ರೋಗ ಹಬ್ಬಿತು ಅಂತೀರಿ! ಎಲ್ಲರಿಗೂ ವಾಂತಿ. ಕಲ್ಲು ತಿಂದು ಕರಗಿಸುವ ನಮ್ಮಪ್ಪನಿಗೂ ಜೀಪು ಕಂಡರೆ ಹೊಟ್ಟೆ ತೊಳಸುತ್ತಿತ್ತು. ಇಡೀ ಬಳಗದಲ್ಲಿ ವಾಂತಿ ಬಾರದ ಗಟ್ಟಿ ಜೀವ ಎಂದರೆ ಕಾಕು ಒಬ್ಬಳೇ. ಹಿಂದೆ, ಕೊನೆಯ ಅಂಚಿಗೆ, ಗಂಟುಗಳ ನಡುವೆ, ಯಾರದೋ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಕೈಯಲ್ಲಿ ಒಂದು ನಿಂಬೆಹಣ್ಣು ಹಿಡಿದು ಕೂರುತ್ತಿದ್ದಳು. ಆ ನಿಂಬೆಹಣ್ಣು ದೃಷ್ಟಿಗೆ ಎಂದೇ ನಾವೆಲ್ಲ ತಿಳಿದಿದ್ದೆವು. ಊರು ಮುಟ್ಟಿದ ಮೇಲೆ ಅದನ್ನು ಪಾನಕಕ್ಕೆ ಕೇಳಿದರೆ ಕೊಡುತ್ತಿದ್ದಳು. ಅದರ ಮೈತುಂಬ ಉಗುರಿನ ಗುರುತು.

ಪಂಚಾಯಿತಿಯಲ್ಲಿ ಕಾಕು ಕೂಡ ನಮ್ಮ ಪಕ್ಷವೇ. "ಮಮ್ಮಕ್ಕಳನ್ನ ಬಿಟ್ಟು ನಾವಿಬ್ಬರ ಕೆಂಪ ಗಾಡ್ಯಾಗ ತಿರಗೂದೇನ್ರಿ? ಮಂದಿ ನಗತಾರ" ಎಂದಳು.

ಕಾಕಾ ರೊಟ್ಟಿ ಕೆಳಗಿಟ್ಟ. ರೊಟ್ಟಿಯನ್ನು ತಿರುವಿ ನೋಡದೆ ಇಟ್ಟದ್ದನ್ನು ನಾನು ಗಮನಿಸಿದೆ.

"ಎರಡ ಸೀಟು ಅಂತ ಎಲ್ಲಾರೂ ಹೇಳಾಕತ್ತೀರಿ. ಎರಡ ಸೀಟು ಅಂತನ ನಾ ನೋಡಾಕ ಹೋಗಿದ್ದು" ಎಂದ. "ಜೀಪು ಹೋದ ಮ್ಯಾಲೆ ಇಕಿ ಜೋಡಿ ಗುಳೇದಗುಡ್ಡದಿಂದ ಬಸ್ಸಿಗೆ ಬಂದೆ. ಮಗ್ಗಲದಾಗ ಕುಂತಿದ್ದೆ. ಖರೆ ಹೇಳ್ತೇನಿ, ಇಕಿ ಮಗ್ಗಲದಾಗ ಕುಂತು ಊರಿಗೆ ಹೋಗಿದ್ದು ಅದ ಮದಲು. ನೋಡ್ತೇನಿ, ಕಣ್ಣ ಮುಚ್ಚಿ, ಮುಖ ಬೆವತು, ನಿಂಬಿಹಣ್ಣಿಗೆ ಉಗುರು ನೆಟ್ಟು ವಾಸನಿ ತಗೊಳಾಕತ್ತಾಳ. ಏನಾತ ಅಂದ್ರ, 'ಏನಿಲ್ರಿ, ಮದಲಿಂದಲೂ ಹಿಂಗ' ಅಂದಳು. ಯಾಕ ಹೇಳಲಿಲ್ಲ ಅಂದ್ರ, 'ಮುಂದ ಕುಂಡ್ರೂ ಮಂದಿ ಭಾಳ ಇದ್ರಲ್ರಿ' ಅಂದಳು."

ನಮ್ಮಪ್ಪ ತಾಟಿನಲ್ಲಿ ಏನನ್ನೋ ಹುಡುಕುತ್ತಿದ್ದ.

"ಮಂದಿ ಸೀರಿ ಮಡಿಕಿ ಬದಲಿಸಿದೆ," ಎಂದ ಕಾಕಾ, "ಇಕಿನ್ನ ಒಂದ ಮಡಿಕಿ ಮ್ಯಾಲೆ ಇಟ್ಟಬಿಟ್ಟೆ."

ಕಾಕು, "ಸಾಕ ಸುಮ್ನಿರ್ರಿ, ಹುಡುಗರ ಮುಂದ" ಎಂದು ಒಳಗೆ ಎದ್ದುಹೋದಳು. ಅಡಿಗೆಮನೆಯಲ್ಲಿ ಪಾತ್ರೆಗಳು ಬಹಳ ಹೊತ್ತು ಸುಮ್ಮಸುಮ್ಮನೆ ಸಪ್ಪಳ ಮಾಡಿದವು.

ಆದರೂ ಕಾಕಾ ಕಾಕಾನೇ! ಕೊಳ್ಳುವುದು ಖಾತ್ರಿಯೇ ಎಂದು ಕೇಳಿದರೆ, "ಇನ್ನೂ ಇಲ್ಲ. ಆಕಿ ಕುಂತು ನೋಡಬೇಕು. ತ್ರಾಸ ಆತಂದ್ರ ಲಾಡ್ಜಿನವರಿಗೆ ಹೋಗಲಿ" ಎಂದ.

ರವಿವಾರ ಮುಂಜಾನೆ ಕಾಕುವನ್ನು ಕರೆದುಕೊಂಡು ಎಲ್ಲರೂ ನವನಗರಕ್ಕೆ ಬಂದೆವು. ಕಾಕು ಇಳಕಲ್ಲ ಸೀರೆ ಉಟ್ಟಿದ್ದಳು, ಕೈಯಲ್ಲಿ ನಿಂಬೆಹಣ್ಣಿತ್ತು. ಡಾಕ್ಟರು ಮಾಡು ಮಡಚಿ ಕೆಂಪಿಯನ್ನು ರಸ್ತೆಗೆ ತಂದು ನಿಲ್ಲಿಸಿದರು. ಕಾಕಾ ಸ್ಟೇರಿಂಗಿನ ಮುಂದೆ ಕೂತ. "ಹತ್ತು" ಎಂದ.

ಕಾಕು ಕಾರಿನ ಹಿಂದಕ್ಕೆ ನಡೆದಳು. ಅಲ್ಲಿ ಹೋಗಿ, ನಿರಿಗೆ ಸ್ವಲ್ಪ ಮೇಲೆತ್ತಿಕೊಂಡು, ಯಾರಾದರೂ ಬಾಗಿಲು ತೆಗೆಯಲಿ ಎಂದು ಕಾಯುತ್ತ ನಿಂತಳು. ಜೀಪು ಹತ್ತುತ್ತಿದ್ದದ್ದು ಹಿಂದಿನಿಂದಲ್ಲವೇ? ಅವಳಿಗೆ ಗೊತ್ತಿದ್ದ ಬಾಗಿಲು ಅದೊಂದೇ. ಕಾಕಾನ ಮಗ ಫಕ್ಕನೆ ನಕ್ಕ. ನಾನೂ ನಗಲು ಹೋದೆ, ನಗು ಬರಲಿಲ್ಲ.

ಕಾಕಾ ಒದ್ದಾಡಿಕೊಂಡು, ಯಾರ ಕೈಯೂ ಹಿಡಿಯದೆ, ತಾನೇ ಹೊರಗೆ ಬಂದ. ಹಿಂದೆ ಹೋಗಿ ಕಾಕುವಿನ ಕೈ ಹಿಡಿದು ಮುಂದಕ್ಕೆ ಕರೆತಂದು ಬಾಗಿಲು ತೆಗೆದ. "ಇಲ್ಲಿ," ಎಂದ, "ನಿನ್ನ ಜಾಗಾ ಇಲ್ಲಿ."

ಕಲಾದಗಿ ರಸ್ತೆ ಹಿಡಿದು ಹೋದರು. ಹಂಪು ಬಂದಾಗ ಕೆಂಪಿ ಕರ್ರ್ ಎಂದದ್ದು ನಮಗೂ ಕೇಳಿಸಿತು, ಡಾಕ್ಟರು ದವಡೆ ಹಿಡಿದುಕೊಂಡರು. ತಿರುಗಿ ಬಂದಾಗ ಕಾಕುವಿನ ತುರುಬು ಬಿಚ್ಚಿ ಹೋಗಿತ್ತು, ಸೆರಗು ಹೆಗಲಲ್ಲಿರಲಿಲ್ಲ, ಮುಖ ಕೆಂಪಾಗಿತ್ತು. ತ್ರಾಸ ಆಯಿತೋ ಏನೋ ಎಂದು ನಾನು ಓಡಿಹೋದೆ.

"ಅವ್ವಿ," ಎಂದಳು ಕಾಕು, ಕೂತಲ್ಲಿಂದಲೇ, "ಇಷ್ಟ ವರ್ಷ ನಾ ರಸ್ತಾ ಹಿಂದ ಹೋಗೂದಷ್ಟ ನೋಡಿದ್ದೆ. ಎದುರಿಗೆ ಬರೂದು ನೋಡೇ ಇರಲಿಲ್ಲ!"

ಕಾಕಾ ಅವಳ ಮುಂದೆ ಅಂಗೈ ಒಡ್ಡಿದ. ಕಾಕು ಮುಷ್ಟಿ ಬಿಚ್ಚಿ ನಿಂಬೆಹಣ್ಣು ಕೊಟ್ಟಳು. ಕಾಕಾ ಅದನ್ನು ಬುಡ ಮೇಲೆ ಮಾಡಿ ನೋಡಿದ, ಮಗ್ಗಲು ತಿರುವಿ ನೋಡಿದ, ಬಿಸಿಲಿಗೆ ಹಿಡಿದು ಮತ್ತೊಮ್ಮೆ ಸುತ್ತಲೂ ತಿರುವಿ ನೋಡಿದ. ಎಲ್ಲಿಯೂ ಒಂದು ಉಗುರಿನ ಗುರುತಿರಲಿಲ್ಲ.

"ಡಾಕ್ಟರ," ಎಂದ, "ಕೀಲಿಕೈ ಇನ್ನ ನಿಮಗ ಕೊಡಂಗಿಲ್ರಿ."