ಒಲೆಗೂ ಹೊಗೆಗೂಡಿಗೂ ನಂಟು

ಊರವರ ಮನೆಗಳ ಗೋಡೆಗೆ ತೂತು ಕೊರೆಸುವವನಿಗೆ ನಗುವ ಪ್ರಸಂಗಗಳಿಗೆ ಬರವಿಲ್ಲ. ನಮಗೆ ಕೆಲಸವಿರುವುದು ಅಡಿಗೆಮನೆಯಲ್ಲಿ. ಅಲ್ಲಿ ಯಾರೂ ಅಳೆದು ತೂಗಿ ಮಾತಾಡುವುದಿಲ್ಲ.

ಐವತ್ತರ ದಶಕದಲ್ಲಿ ಲಷ್ಕರ್ ಮೊಹಲ್ಲಾದಲ್ಲಿ ನನ್ನದೊಂದು ತಗಡು ಕೆಲಸದ ಅಂಗಡಿ ಇತ್ತು. ಹೊಗೆಯಿಲ್ಲದ ಸೌದೆ ಒಲೆ ಆಗಿನ್ನೂ ಹೊಸದು. ಒಲೆಯ ಹಿಂಬದಿಗೆ ತಗಡಿನ ಕೊಳವೆ ಕೂಡಿಸಿ, ಗೋಡೆ ದಾಟಿಸಿ, ಆಚೆಯ ಇಟ್ಟಿಗೆ ಹೊಗೆಗೂಡಿಗೆ ಸೇರಿಸಬೇಕು. ಕೊಳವೆ ನನ್ನದು. ಗೋಡೆ ಕೊರೆದು ಗಾರೆ ಮೆತ್ತುವುದು ಮಂಡಕಳ್ಳಿಯ ಒಬ್ಬ ಮೇಸ್ತ್ರಿಯವರ ಕೆಲಸ. ನನಗಿಂತ ಹಿರಿಯರು, ಮಾತು ಕಡಿಮೆ. ಆದರೆ ಎಲ್ಲಿ ಕೊರೆಯಬೇಕೆಂಬುದನ್ನು ಯಾವಾಗಲೂ ಮನೆಯವರೇ ತೀರ್ಮಾನಿಸುತ್ತಿದ್ದರು.

ಒಳ್ಳೇ ತೇಗ

ಅರಮನೆ ಕಚೇರಿಯಿಂದ ನಿವೃತ್ತರಾದ ಒಬ್ಬ ಯಜಮಾನರು ಗೋಡೆಯಲ್ಲಿ ಒಂದು ಜಾಗ ತೋರಿಸಿ, "ಇಲ್ಲೇ ಹಾಕಿ" ಅಂದರು. ಮೇಸ್ತ್ರಿ ಸ್ವಲ್ಪ ಕೆದಕಿ ನೋಡಿದರೆ ಒಳಗೆ ಮರದ ತೊಲೆ. ಕಾದ ಕೊಳವೆ ತೊಲೆಗೆ ತಾಗಿಕೊಂಡಿದ್ದರೆ ಒಂದು ದಿನ ಮನೆಯೇ ಹೊತ್ತಿಕೊಳ್ಳುತ್ತದೆ.

"ಬುದ್ಧಿ, ಒಂದು ಮೊಳ ಆಚೆಗೆ ಹೋಗುವ" ಅಂದರು ಮೇಸ್ತ್ರಿ.

"ಅದು ನಮ್ಮ ತಾತ ಹಾಕಿಸಿದ ತೇಗ ಕಣಯ್ಯ. ಅದಕ್ಕೆ ಬೆಂಕಿ ಹತ್ತಲ್ಲ."

ಮೇಸ್ತ್ರಿ ವಾದಕ್ಕೆ ಹೋಗಲಿಲ್ಲ. ತೊಲೆಯ ಅಂಚಿನಿಂದ ಒಂದು ಚಕ್ಕೆ ಕಿತ್ತು ಉರಿಯುತ್ತಿದ್ದ ಹಳೇ ಒಲೆಗೆ ಹಾಕಿದರು. ಅದು ಭಗ್ಗನೆ ಉರಿಯಿತು. ಯಜಮಾನರು ಬಗ್ಗಿ ಅದನ್ನೇ ನೋಡಿದರು. ಇನ್ನು ಸಿಟ್ಟಾಗುತ್ತಾರೆ ಅಂತ ನಾನು ಸಾಮಾನು ಕಟ್ಟಲು ಶುರುಮಾಡಿದೆ.

"ಸರಿ, ಆಚೆಗೇ ಹಾಕಿ" ಅಂದವರು, ನನ್ನ ಕಡೆ ತಿರುಗಿ ಹೆಮ್ಮೆಯಿಂದ ಹೇಳಿದರು: "ನೋಡಿದಿರಾ, ಹೊಗೆಯೇ ಇಲ್ಲದೆ ಎಷ್ಟು ಚೆನ್ನಾಗಿ ಉರೀತು. ಒಳ್ಳೇ ತೇಗ."

ಹುಣಸೆಹಣ್ಣು

ಅಣ್ಣತಮ್ಮಂದಿರು ಪಾಲಾಗಿ ನಡುವೆ ಗೋಡೆ ಎತ್ತಿದ್ದ ಮನೆ. ಓರಗಿತ್ತಿಯರಿಬ್ಬರಿಗೂ ಮಾತು ನಿಂತು ವರ್ಷಗಳಾಗಿತ್ತು. ಹಿರಿಯವನು, "ಹಳೇ ಹೊಗೆಗೂಡು ಈ ಗೋಡೆ ಹಿಂದೇನೇ ಇದೆ, ನನಗೆ ಗೊತ್ತು" ಅಂದ. ಮೇಸ್ತ್ರಿ ಕೊರೆದರು. ಕೊನೆಯ ಇಟ್ಟಿಗೆ ಆಚೆಗೆ ಬಿತ್ತು. ಬಗ್ಗಿ ನೋಡಿದರೆ ಹೊಗೆಗೂಡಿಲ್ಲ, ತಮ್ಮನ ಹೆಂಡತಿಯ ಮುಖ ಇದೆ.

ಆಕೆ ತೂತಿನಿಂದಲೇ ಈಚೆ ನಿಂತಿದ್ದ ಓರಗಿತ್ತಿಯನ್ನು ನೋಡಿ, "ಏನು ಬೇಕಿತ್ತು?" ಅಂದರು.

ಈಚೆಯವರು ಸೆರಗಿಗೆ ಕೈ ಒರೆಸಿಕೊಂಡು, "ಒಂಚೂರು ಹುಣಸೆಹಣ್ಣು" ಅಂದುಬಿಟ್ಟರು.

ಹುಣಸೆಹಣ್ಣು ಬಂತು. ಹಿಂದೆಯೇ ಒಂದು ಬಟ್ಟಲು ಸಾರೂ ಬಂತು. ಸಂಜೆ ತೂತು ಮುಚ್ಚಲು ಹೋದರೆ ಇಬ್ಬರೂ ಬಿಡಲಿಲ್ಲ. ಕೊಳವೆಗೆ ನಾವೇ ಬೇರೆ ಗೋಡೆ ಹುಡುಕಿಕೊಂಡೆವು.

ಕಣ್ಣೀರು

ಒಲೆ ಹಾಕಿಕೊಟ್ಟ ಇನ್ನೊಂದು ಮನೆಯಿಂದ ಸ್ವಲ್ಪ ದಿನಕ್ಕೇ ಕರೆ ಬಂತು. ಅತ್ತೆ ಬಾಗಿಲಲ್ಲೇ ತರಾಟೆಗೆ ತೆಗೆದುಕೊಂಡರು. "ಹೊಗೆ ಇರಲ್ಲ ಅಂದ್ರಲ್ಲಪ್ಪ. ಒಲೆ ಮುಂದೆ ಕೂತರೆ ನನ್ನ ಸೊಸೆ ಕಣ್ಣಲ್ಲಿ ನೀರು ನಿಲ್ಲಲ್ಲ."

ನಾವು ಕೊಳವೆಯ ಸಂದುಗಳನ್ನೆಲ್ಲ ನೋಡಿದೆವು. ಹಸಿ ಸೌದೆ ಹಾಕಿ ಉರಿಸಿದರೂ ಒಳಕ್ಕೆ ಒಂದೆಳೆ ಹೊಗೆ ಬರಲಿಲ್ಲ. "ಹೊಗೆ ಎಲ್ಲೂ ಇಲ್ವಲ್ಲ ಅವ್ವಾ" ಅಂದರು ಮೇಸ್ತ್ರಿ. ಸೊಸೆ ತಲೆ ತಗ್ಗಿಸಿದಳು.

ಅತ್ತೆಯ ದನಿ ಮೆತ್ತಗಾಯಿತು. "ಇಷ್ಟು ದಿನ ಹೊಗೆಗೆ ಅಂದ್ಕೊಂಡಿದ್ನಲ್ಲೇ. ಏನಾಯ್ತೇ?"

"ಅಮ್ಮನ್ನ ನೋಡ್ಬೇಕು ಅನ್ಸತ್ತೆ."

ಮಾರನೆಯ ದಿನವೇ ಅವಳನ್ನು ತವರಿಗೆ ಕಳಿಸಿದರಂತೆ. ಆಮೇಲೊಮ್ಮೆ ಅತ್ತೆ ಮಾರ್ಕೆಟ್ಟಿನಲ್ಲಿ ಕಂಡಾಗ, ತರಕಾರಿ ಚೀಲ ಹೊತ್ತುಕೊಂಡೇ ಹೇಳಿದರು: "ನಿಮ್ಮ ಒಲೆ ಬಂದರೆ ಅಡಿಗೆಯವರಿಗೆ ಆರಾಮ ಅಂದಿದ್ರಿ. ನಿಜ ಕಣಪ್ಪ. ಅವಳು ಅಲ್ಲಿ ಆರಾಮಾಗಿದಾಳೆ."

ಒಲೆ ಮಾತಾಡಿದ್ದು

ಇನ್ನೊಂದು ಮನೆಯಲ್ಲಿ ಮಹಡಿಯ ಕೋಣೆಯನ್ನು ಬಾಡಿಗೆಗೆ ಕೊಟ್ಟಿದ್ದರು. ಇದ್ದವರು ಮದುವೆಯಾಗದ ಒಬ್ಬ ಮೇಷ್ಟ್ರು. ನಾವು ಕೆಳಗೆ ಒಲೆ ಹಚ್ಚಿದೆವು. ಅಡಿಗೆಮನೆಯಲ್ಲಿ ಹೊಗೆ ಇಲ್ಲ, ಹೊಗೆಗೂಡಿನ ತುದಿಯಲ್ಲೂ ಇಲ್ಲ. ಸ್ವಲ್ಪ ಹೊತ್ತಿಗೆ ಮೇಷ್ಟ್ರು ಕೆಮ್ಮುತ್ತಾ ಕೆಳಗಿಳಿದು ಬಂದು, "ಕ್ಷಮಿಸಿ, ಹೊಗೆ ನನ್ನ ರೂಮಿನಲ್ಲಿದೆ" ಅಂದರು.

ಹೋಗಿ ನೋಡಿದರೆ ಕ್ಯಾಲೆಂಡರಿನ ಹಿಂದೆ ಹೊಗೆಗೂಡಿಗೆ ಯಾವ ಕಾಲದ್ದೋ ಒಂದು ತೂತು. ಹಾಗೇ ಬಿಟ್ಟರೆ ಮಲಗಿದವರ ಉಸಿರು ಕಟ್ಟುತ್ತದೆ. ಒಲೆ ಆರಿಸಿ, ಮೇಸ್ತ್ರಿ ಗಾರೆ ತೆಗೆದುಕೊಂಡು ಮೇಲೆ ಹೋದರು. ಮೇಷ್ಟ್ರೂ ಜೊತೆಗೆ ಹೋದರು. ನಾನು ಕೆಳಗೆ ಒಲೆಯ ಮುಂದೆ ಕೂತೆ.

ಮನೆಯ ಯಜಮಾನಿ ಹತ್ತಿರ ಬಂದು ದನಿ ತಗ್ಗಿಸಿದರು. "ಎಷ್ಟು ಒಳ್ಳೆಯವರು ನೋಡಪ್ಪ. ಅಷ್ಟು ಹೊಗೆ ಕುಡಿದರೂ ಒಂದು ಮಾತು ಆಡಲಿಲ್ಲ. ನಮ್ಮಕ್ಕನ ಮಗಳನ್ನ ಇವರಿಗೆ ಕೊಡಬೇಕು ಅಂತ ನನಗೆ ಬಹಳ ದಿನದಿಂದ ಆಸೆ. ಹುಡುಗಿಗೂ ಮನಸ್ಸಿದೆ. ಆದರೆ ಹ್ಯಾಗೆ ಕೇಳೋದು? ನೀನು ಮಾತ್ರ ಎಲ್ಲೂ ಬಾಯಿ ಬಿಡಬೇಡ."

"ಛೆ, ನಾನ್ಯಾಕಮ್ಮ ಹೇಳಲಿ" ಅಂದೆ.

ಒಲೆ ಒಮ್ಮೆ ಕೆಮ್ಮಿತು. ಯಜಮಾನಿ ಬೆಚ್ಚಿ ಕೈ ಮುಗಿದರು. ಒಲೆಯೊಳಗಿಂದ ನಾಚಿಕೆಯ ದನಿ ಬಂತು: "ನನ್ನದೇನೂ ಅಭ್ಯಂತರವಿಲ್ಲ, ಅಮ್ಮ. ನಮ್ಮ ತಾಯಿಯವರನ್ನ ಒಂದು ಮಾತು ಕೇಳಿಬಿಡಿ."

ಯಜಮಾನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿ ನಿಂತರು. ಆಗ ಅದೇ ಒಲೆಯಿಂದ ನಮ್ಮ ಮೇಸ್ತ್ರಿಯ ದನಿ ಕೇಳಿತು.

"ಅವ್ವಾ, ತೂತ ಮುಚ್ಬುಡ್ಲಾ, ಇನ್ನೂ ಮಾತು ಅದಾ?"