ಮಹಿಳಾ ವಿಶ್ರಾಂತಿ ಕೋಣೆ ವಿಶಾಲವೆನಿಸತಕ್ಕ ಬಗ್ಗೆ

ಕಟ್ಟಡ ಮತ್ತು ಕುರ್ಚಿ ಶಾಖೆ, ಮೂರನೆಯ ಮಹಡಿ
ಸಂಖ್ಯೆ: ಕಕು/ಮವಿಕೋ/ಕನ್ನಡಿ/೪೮
ದಿನಾಂಕ: ಬಣ್ಣ ಒಣಗಿದ ಎಂಟನೆಯ ದಿನ

ಸುತ್ತೋಲೆ

ವಿಷಯ: ಎಂಟಡಿ ಉದ್ದ, ಆರಡಿ ಅಗಲದ ಮಹಿಳಾ ವಿಶ್ರಾಂತಿ ಕೋಣೆಯನ್ನು ಗೋಡೆ ಒಡೆಯದೆ ವಿಶಾಲಗೊಳಿಸಿರುವ ಹಾಗೂ ಅದರಿಂದ ಉಂಟಾದ ಪರಿಣಾಮಗಳ ಬಗ್ಗೆ.

ಉಲ್ಲೇಖ:
೧. ಹನ್ನೊಂದು ಮಹಿಳಾ ನೌಕರರ ಮನವಿ (ಹನ್ನೊಂದನೆಯವರ ಸಹಿ ಸ್ಥಳಾಭಾವದಿಂದ ಹಾಳೆಯ ಹಿಂಬದಿಯಲ್ಲಿದೆ).
೨. ಮುಖ್ಯಾಧಿಕಾರಿಗಳ ಮೌಖಿಕ ಆದೇಶ: “ದೊಡ್ಡ ಕೋಣೆ ಎಲ್ಲಿಂದ ತರ್ಲಿ? ಇರೋದನ್ನೇ ದೊಡ್ಡದು ಅನ್ನಿಸೋ ಹಾಗೆ ಮಾಡಿ.”
೩. ಕೋಣೆ ಹಂಚಿಕೆ ನಿಯಮಾವಳಿ, ನಿಯಮ ೭ (ಈವರೆಗೆ ಯಾರೂ ಓದಿರುವುದಿಲ್ಲ).

ಈ ಕಚೇರಿಯ ಬೆರಳಚ್ಚುಗಾರ್ತಿಯವರು ಏಳು ತಿಂಗಳ ಗರ್ಭಿಣಿಯಾಗಿದ್ದು, ಮಧ್ಯಾಹ್ನ ಅರ್ಧ ಗಂಟೆ ಕಾಲು ಚಾಚಿ ಮಲಗಬೇಕೆಂದು ವೈದ್ಯರು ಸೂಚಿಸಿರುತ್ತಾರೆ. ಸದರಿ ಕೋಣೆಯಲ್ಲಿ ಕಾಲು ಚಾಚಿದರೆ ಬಾಗಿಲು ಮುಚ್ಚುವುದಿಲ್ಲ. ಬಾಗಿಲು ಮುಚ್ಚಿದರೆ ಕಾಲಿಗೆ ಜಾಗವಿರುವುದಿಲ್ಲ. ಊಟದ ವೇಳೆಯ ತಪಾಸಣೆಯಲ್ಲಿ ಟಪಾಲು ಗುಮಾಸ್ತೆಯವರು “ಅಯ್ಯೋ, ಇದು ಯಾರ ಮೊಣಕೈ ಕಣ್ರೇ ನನ್ನ ಡಬ್ಬೀಲಿ?” ಎಂದು ವಿಚಾರಿಸಿದ್ದು, ಮೂವರು ಅದು ತಮ್ಮದೆಂದು ಒಪ್ಪಿಕೊಂಡಿರುವುದು ದಾಖಲಾಗಿದೆ. ಆದ್ದರಿಂದ ಉಲ್ಲೇಖ (೨)ರ ಆದೇಶವನ್ನು ಅಕ್ಷರಶಃ ಪಾಲಿಸಿ, ಈ ಕೆಳಕಂಡ ಕ್ರಮಗಳನ್ನು ಕೈಗೊಂಡಿರುವುದನ್ನು ಎಲ್ಲರ ಗಮನಕ್ಕೆ ತರಲಾಗಿದೆ.

೧. ಗೋಡೆ, ಚಾವಣಿ ಮತ್ತು ಬಾಗಿಲಿಗೆ ಒಂದೇ ತೆಳು ಬಿಳಿ ಬಣ್ಣ ಬಳಿಯಲಾಗಿದೆ. ಗೋಡೆ ಎಲ್ಲಿ ಮುಗಿಯುತ್ತದೆಂದು ತಿಳಿಯದೆ ಇಬ್ಬರು ಅದಕ್ಕೆ ಹಣೆ ಬಡಿದುಕೊಂಡಿರುವುದನ್ನು ವಿಶಾಲತೆಯ ಮೊದಲ ಲಕ್ಷಣವೆಂದು ಪರಿಗಣಿಸಲಾಗಿದೆ.

೨. ಪೀಠೋಪಕರಣದ ಕೆಳಗೆ ನೆಲ ಕಂಡರೆ ಕೋಣೆ ದೊಡ್ಡದಾಗಿ ಕಾಣುವುದೆಂದು ಬಡಗಿಯು ಅಭಿಪ್ರಾಯಪಟ್ಟ ಮೇರೆಗೆ, ಬೀರುವನ್ನು ಮೂರಡಿ ಕಾಲುಗಳ ಮೇಲೆ ನಿಲ್ಲಿಸಲಾಗಿದೆ. ಮೇಲಿನ ಖಾನೆಗೆ ಏಣಿ ಬೇಕು. ಏಣಿ ಇಡಲು ಜಾಗ ಬೇಕು. ಆದ್ದರಿಂದ ಮೇಲಿನ ಖಾನೆಯಲ್ಲಿ ಏನೂ ಇಲ್ಲವೆಂದು ಭಾವಿಸತಕ್ಕದ್ದು.

೩. ಕಿಟಕಿ ಇಲ್ಲದ ಗೋಡೆಗೆ ಚಾವಣಿಯಿಂದ ನೆಲದವರೆಗೆ ಪರದೆ ಇಳಿಬಿಡಲಾಗಿದೆ. ಸರಿಸಿ ನೋಡುವುದನ್ನು ನಿಷೇಧಿಸಲಾಗಿದೆ.

೪. ಕೋಣೆಯಲ್ಲಿರುವವರು ಉಸಿರನ್ನು ಒಳಗೆ ಎಳೆದುಕೊಳ್ಳಬಹುದು. ನಿಟ್ಟುಸಿರುಗಳನ್ನು ಮಾತ್ರ ಬಾಗಿಲ ಹೊರಗೇ ಬಿಟ್ಟು ಬರತಕ್ಕದ್ದು. ದೊಡ್ಡ ಹೂವುಗಳಿರುವ ಉಡುಪು ಧರಿಸಿದವರನ್ನು ಇಬ್ಬರೆಂದು ಎಣಿಸಲಾಗುವುದು. ಮನೆಯಿಂದ ತರುವ ಚಿಂತೆಗಳನ್ನು ಮಡಚಿಯೇ ತರತಕ್ಕದ್ದು. ಅತ್ತೆಯವರಿಗೆ ಸಂಬಂಧಿಸಿದ ಯಾವುದೇ ವಿಷಯವನ್ನು ಒಮ್ಮೆ ಬಿಚ್ಚಿದರೆ ಮೊದಲಿನ ಅಳತೆಗೆ ಮಡಚಲು ಸಾಧ್ಯವಾಗುವುದಿಲ್ಲವೆಂಬುದು ಈ ಶಾಖೆಯ ಇಪ್ಪತ್ತು ವರ್ಷಗಳ ಅನುಭವವಾಗಿದೆ.

೫. ಒಂದು ಇಡೀ ಗೋಡೆಗೆ ಕನ್ನಡಿ ಅಳವಡಿಸಲಾಗಿದ್ದು, ನಲವತ್ತೆಂಟು ಚದರಡಿಯ ಕೋಣೆ ತೊಂಬತ್ತಾರು ಚದರಡಿಯಾಗಿದೆ.

(ಅ) ಈ ಸುದ್ದಿ ತಿಳಿದ ಕೂಡಲೇ ಕಡತ ಶಾಖೆಯವರು ಕನ್ನಡಿಯೊಳಗಿನ ಅರ್ಧ ಕೋಣೆಗೆ ಅರ್ಜಿ ಹಾಕಿದ್ದು, ಮಂಜೂರಾಗಿದೆ. ಕಡತಗಳನ್ನು ಅಲ್ಲಿಗೆ ನೇರವಾಗಿ ಸಾಗಿಸಲು ಆಗದೆ, ಅಲ್ಲಿ ಕಾಣಿಸುವಂತೆ ಇಲ್ಲಿ ಇರಿಸಲಾಗಿದೆ.

(ಆ) ಕನ್ನಡಿಯೆದುರು ಅಳುವವರು, ಎದುರಿಗೆ ಇನ್ನೊಬ್ಬರೂ ಅಳುತ್ತಿರುವುದನ್ನು ಗಮನಿಸಿ, ಜೊತೆಗೆ ಯಾರೋ ಇದ್ದಾರೆಂದು ಸಮಾಧಾನಪಟ್ಟು ಬೇಗ ಮುಗಿಸತಕ್ಕದ್ದು. ಅರ್ಧದಲ್ಲಿ ನಗು ಬಂದರೆ ಶಾಖೆಯು ಹೊಣೆಯಲ್ಲ.

(ಇ) ಬೆರಳಚ್ಚುಗಾರ್ತಿಯವರು ಕನ್ನಡಿಯೊಳಗೆ ಕಾಲು ಚಾಚಲು ಮೂರು ದಿನ ಪ್ರಾಮಾಣಿಕವಾಗಿ ಪ್ರಯತ್ನಿಸಿ ವಿಫಲರಾಗಿರುತ್ತಾರೆ. ನಾಲ್ಕನೆಯ ದಿನ ಅವರು ಕಡತಗಳ ಕಟ್ಟಿನ ಮೇಲೆ ಕುಳಿತು, ಊದಿದ ಪಾದಗಳನ್ನು ನೋಡುತ್ತ, “ನಾನೂ ಮಡಚೋ ಮೇಜಾಗಿದ್ದಿದ್ರೆ ಚೆನ್ನಾಗಿತ್ತು ಅಕ್ಕಾ” ಎಂದಿದ್ದು, ಕೆಳಗೆ ಸಹಿ ಮಾಡಿರುವವರು ಆ ಸಂಜೆಯೇ ಉಲ್ಲೇಖ (೩)ನ್ನು ಹುಡುಕಿ ಓದಿರುತ್ತಾರೆ.

೬. ತರುವಾಯ ಎದುರು ಗೋಡೆಗೂ ಕನ್ನಡಿ ಅಳವಡಿಸಲಾಯಿತು. ಕೋಣೆಯೊಳಗೆ ಕೋಣೆ, ಅದರೊಳಗೆ ಮತ್ತೊಂದು ಕಾಣತೊಡಗಿದ್ದು, ಅಳತೆಗೆ ಬಂದ ಸರ್ವೇಯರು ಹತ್ತೊಂಬತ್ತರವರೆಗೆ ಎಣಿಸಿ, ತಲೆ ತಿರುಗಿ, ಗೋಡೆ ಹಿಡಿದು ಕುಳಿತು, ಒಟ್ಟು ಒಂಬೈನೂರ ಹನ್ನೆರಡು ಚದರಡಿ ಎಂದು ದೃಢೀಕರಿಸಿರುತ್ತಾರೆ. ಮುಖ್ಯಾಧಿಕಾರಿಗಳ ಕೋಣೆಯ ವಿಸ್ತೀರ್ಣ ಕೇವಲ ನಾನೂರ ಮೂವತ್ತೆರಡು ಚದರಡಿ.

೭. ಪರಿಶೀಲನೆಗೆ ಆಗಮಿಸಿದ ಮುಖ್ಯಾಧಿಕಾರಿಗಳು ಹೊಸ್ತಿಲಲ್ಲೇ ನಿಂತು, “ಅಬ್ಬಬ್ಬಾ! ಇದು ನನ್ನ ಕೋಣೆಗಿಂತ ದೊಡ್ಡದಾಯ್ತಲ್ರೀ!” ಎಂದು ಹರ್ಷ ವ್ಯಕ್ತಪಡಿಸಿದರು. ಸದರಿ ಹರ್ಷವನ್ನು ಅಲ್ಲಿಯೇ ಬರೆದುಕೊಂಡು, ಅವರ ಸಹಿ ಪಡೆಯಲಾಗಿದೆ. ಅವರು ಓದದೆ ಸಹಿ ಹಾಕಿರುವುದು ವಾಡಿಕೆಯಂತೆ ಇರುತ್ತದೆ.

೮. ನಿಯಮ ೭ರ ಪ್ರಕಾರ, ಕಚೇರಿಯ ಅತಿ ವಿಶಾಲವಾದ ಕೋಣೆಯು ಅತಿ ಹಿರಿಯ ಅಧಿಕಾರಿಗೆ ಸಲ್ಲತಕ್ಕದ್ದು. ಆದ್ದರಿಂದ ಇಂದು ಬೆಳಿಗ್ಗೆಯಿಂದ ಜಾರಿಗೆ ಬರುವಂತೆ, ಒಂಬೈನೂರ ಹನ್ನೆರಡು ಚದರಡಿಯ ಸದರಿ ಕೋಣೆಯನ್ನು ಕನ್ನಡಿ, ಪರದೆ ಹಾಗೂ ಕಡತಗಳ ಸಮೇತ ಮುಖ್ಯಾಧಿಕಾರಿಗಳಿಗೆ ಗೌರವಪೂರ್ವಕವಾಗಿ ಬಿಟ್ಟುಕೊಡಲಾಗಿದೆ. ಅವರು ಅಡ್ಡಡ್ಡವಾಗಿ ಪ್ರವೇಶಿಸಿದರೆ ಅನುಕೂಲ.

೯. ಹೀಗೆ ತೆರವಾದ ಮುಖ್ಯಾಧಿಕಾರಿಗಳ ಇಕ್ಕಟ್ಟಿನ ಕೋಣೆಯನ್ನು, ಅದರ ನಾಲ್ಕು ಕಿಟಕಿ, ಎರಡು ಫ್ಯಾನು ಮತ್ತು ಆರೂವರೆ ಅಡಿ ಉದ್ದದ ಸೋಫಾ ಸಹಿತ, ಮಹಿಳಾ ನೌಕರರು ಬೇರೆ ದಾರಿ ಕಾಣದೆ ಸಹಿಸಿಕೊಳ್ಳಲು ಒಪ್ಪಿರುತ್ತಾರೆ. ಅಲ್ಲಿ ಕನ್ನಡಿ ಹಾಕತಕ್ಕದ್ದಲ್ಲ. ಚಿಂತೆಗಳನ್ನು ಪೂರ್ತಿ ಬಿಚ್ಚಿ ಹರವಬಹುದು.

೧೦. ಈ ಸುತ್ತೋಲೆಯನ್ನು ಬೆರಳಚ್ಚು ಮಾಡತಕ್ಕವರು ಸದರಿ ಸೋಫಾದ ಮೇಲೆ ನಿದ್ರಿಸುತ್ತಿರುವುದರಿಂದ ಕೈಬರಹದಲ್ಲಿ ಹೊರಡಿಸಲಾಗಿದೆ. ಬಾಗಿಲಿಗೆ ಮೊಳೆ ಹೊಡೆಯದೆ ಗೋಂದಿನಿಂದ ಅಂಟಿಸತಕ್ಕದ್ದು.

(ಸಹಿ)
ಅಧೀಕ್ಷಕಿ, ಕಟ್ಟಡ ಮತ್ತು ಕುರ್ಚಿ ಶಾಖೆ
(ಮನವಿಯ ಹಿಂಬದಿಯ ಹನ್ನೊಂದನೆಯವರು)

ಪ್ರತಿಗಳು:
೧. ಮುಖ್ಯಾಧಿಕಾರಿಗಳಿಗೆ, ಹೊಸ ವಿಳಾಸಕ್ಕೆ. ಒಂದೇ ಪ್ರತಿ, ಉಳಿದ ಹದಿನೆಂಟು ಕನ್ನಡಿಯಲ್ಲಿ ಲಭ್ಯ.
೨. ಕಡತ ಶಾಖೆಗೆ, ಮಾಹಿತಿಗಾಗಿ.
೩. ಸರ್ವೇಯರಿಗೆ, ತಲೆ ಸುತ್ತುವುದು ನಿಂತ ಮೇಲೆ.
೪. ಬಡಗಿಗೆ, ವಂದನೆಗಳೊಂದಿಗೆ.
೫. ಬೀರುವಿನ ಮೇಲಿನ ಖಾನೆಗೆ.
೬. ಬೆರಳಚ್ಚುಗಾರ್ತಿಯವರಿಗೆ, ತಾವಾಗಿಯೇ ಎದ್ದ ನಂತರ.