ಹಳೇ ಬಂದೂಕಿನ ಲೈಸೆನ್ಸು

ಪಾರ್ಸಲ್ ವ್ಯಾನಿನವನು ಉದ್ದನೆಯ ಪೆಟ್ಟಿಗೆಯೊಂದನ್ನು ವರ್ಲಿನ್ ಟ್ಯಾಕೆಟ್‌ನ ಮನೆ ಬಾಗಿಲಿಗೇ ತಂದುಕೊಟ್ಟು ಸಹಿ ಹಾಕಿಸಿಕೊಂಡ. ಆದದ್ದು ಅಷ್ಟೇ. ಆದರೆ ಪಕ್ಕದ ಮನೆಯ ಹೋಯ್ಟ್ ಹುಲ್ಲು ಕತ್ತರಿಸುವ ಯಂತ್ರ ನಿಲ್ಲಿಸಿ ನೋಡಿದ. ಕೆಂಟಕಿಯ ಆ ಸಣ್ಣ ಊರಿನಲ್ಲಿ ಹೋಯ್ಟ್ ಯಂತ್ರ ನಿಲ್ಲಿಸಿದನೆಂದರೆ ಯಾರಿಗೋ ಗ್ರಹಚಾರ.

ಬಂದೂಕು ತರಿಸಿದರೆ ಅದು ಲೈಸೆನ್ಸಿರುವ ಅಂಗಡಿಗೆ ಬರಬೇಕು, ಮನೆಗೆ ತರಿಸುವುದು ಅಪರಾಧ ಎಂದು ಅವನು ಬೇಲಿಯಾಚೆಯಿಂದ ಉಪದೇಶ ಶುರುಮಾಡಿದ. ವರ್ಲಿನ್‌ಗೆ ಪಿತ್ತ ನೆತ್ತಿಗೇರಿತು. ತನ್ನದು ಸಂಗ್ರಾಹಕರ ಲೈಸೆನ್ಸು, ಐವತ್ತು ವರ್ಷ ದಾಟಿದ ಬಂದೂಕು ನೇರ ಮನೆಗೇ ಬರಬಹುದು, ವ್ಯಾಪಾರ ಮಾಡುವಂತಿಲ್ಲ ಅಷ್ಟೇ ಎಂದ. ಹೋಯ್ಟ್ ಷೆರೀಫ್ ಕಚೇರಿಗೆ ಫೋನ್ ಮಾಡಿದ.

ವರ್ಲಿನ್ ಹೆದರುತ್ತಿದ್ದುದು ಷೆರೀಫನಿಗಲ್ಲ, ಹೆಂಡತಿ ನೆಟ್ಟಿಗೆ. ಮನೆಯಲ್ಲಿ ಮೂರು ಬಂದೂಕಿನ ಮೇಲೆ ಒಂದೂ ಕೂಡದು ಎಂದು ಅವಳು ಕಡ್ಡಿ ಮುರಿದಂತೆ ಹೇಳಿದ್ದಳು. ಅದಕ್ಕೇ ಗೋಡೆಯ ಮೇಲೆ ಸದಾ ಮೂರೇ ಇರುತ್ತಿದ್ದವು. ಯಾವ ಮೂರು ಎಂಬುದು ಮಾತ್ರ ವಾರವಾರವೂ ಬದಲಾಗುತ್ತಿತ್ತು, ಉಳಿದವು ಅಟ್ಟದಲ್ಲಿ. ಇವತ್ತು ಅವಳು ಚರ್ಚಿನ ಅಡುಗೆಗೆ ಹೋಗಿದ್ದಳು.

ಷೆರೀಫ್ ಕಚೇರಿಯ ಕ್ಲೇ ಬಂದು ಲೈಸೆನ್ಸು ನೋಡಿ, ಎಲ್ಲ ಸರಿಯಾಗಿದೆ ಎಂದು ಹೊರಟುನಿಂತ. ಅಷ್ಟರಲ್ಲಿ ಬೀದಿಯವರೆಲ್ಲ ಸೇರಿದ್ದರು.

"ಕಾಗದ ಯಾರ ಹತ್ರನಾದ್ರೂ ಇರುತ್ತೆ" ಎಂದ ಹೋಯ್ಟ್. "ನಿಯಮ ಪಾಲಿಸೋ ಮುಖನಾ ಇದು?"

ವರ್ಲಿನ್ ಒಳಗೆ ನುಗ್ಗಿ, ಲೈಸೆನ್ಸಿನವರು ಇಡಲೇಬೇಕಾದ ದಪ್ಪ ದಾಖಲೆ ಪುಸ್ತಕ ತಂದ. ಮೆಟ್ಟಿಲ ಮೇಲೆ ನಿಂತು ಪಾದ್ರಿಯ ಹಾಗೆ ಓದತೊಡಗಿದ: ಯಾವ ಬಂದೂಕು, ಯಾವ ನಂಬರು, ಯಾರಿಂದ, ಯಾವತ್ತು. ಐದನೆಯದಕ್ಕೆ ಕ್ಲೇ ಕೆಮ್ಮಿದ. ಒಂಬತ್ತನೆಯದಕ್ಕೆ, ಸಾಕು ಸರ್ ಎಂದ. ವರ್ಲಿನ್ ಕಿವಿಗೊಡಲಿಲ್ಲ.

"ಇವತ್ತಿಂದೂ ಸೇರಿ ಹದಿನೇಳು" ಎಂದು ಪುಸ್ತಕ ಮುಚ್ಚಿದ. "ಒಂದು ಬಿಟ್ಟಿದ್ರೆ ತೋರ್ಸು, ನೋಡೋಣ."

ಗುಂಪು ಸರಿದು ದಾರಿ ಬಿಟ್ಟಿತು. ಚರ್ಚಿನಿಂದ ಮರಳಿದ ನೆಟ್ಟಿ ಖಾಲಿ ಪಾತ್ರೆ ಹಿಡಿದು ಮೆಟ್ಟಿಲ ಹತ್ತಿರ ಬಂದು, ಪುಸ್ತಕ ಕಿತ್ತುಕೊಂಡು ಹಾಳೆ ತಿರುವಿದಳು.

"ಅಲ್ಲಪ್ಪಾ ಕ್ಲೇ, ಎಡಗಡೆ ಎಲ್ಲಾ ತುಂಬಿದೆ, ಬಲಗಡೆ ಖಾಲಿ ಬಿಟ್ಟಿದ್ದಾರಲ್ಲ. ಅಲ್ಲೇನು ಬರೀಬೇಕು?"

ಕ್ಲೇ ಟೋಪಿ ತೆಗೆದ. "ಬೇರೆಯವರಿಗೆ ಕೊಟ್ಟಾಗ, ಯಾರಿಗೆ, ಯಾವತ್ತು ಅಂತ ಬರೀಬೇಕು ಮೇಡಂ."

ಅವಳು ಅವನ ಜೇಬಿನ ಪೆನ್ನು ತೆಗೆದು ಗಂಡನ ಕೈಗಿಟ್ಟಳು. "ಹದಿನಾಲ್ಕು ಸಾಲು. ಬರೀರಿ."

ಹಳೇ ಬಂದೂಕೆಂದರೆ ತನಗೂ ಇಷ್ಟವೇ ಎಂದು ಹೋಯ್ಟ್ ಆಗಲೇ ಬೇಲಿ ದಾಟಿ ಬಂದಿದ್ದ. ಮೊದಲ ಸಾಲಿನಲ್ಲಿ ವರ್ಲಿನ್ ಅವನ ಹೆಸರನ್ನೇ ಬರೆದ. ಹಲ್ಲು ಕಚ್ಚಿಕೊಂಡು, ತಲೆಯೆತ್ತಿಕೊಂಡು, ಆ ಮನುಷ್ಯನಿಗೆ ಒಂದಕ್ಷರದ ತಪ್ಪೂ ಸಿಗದ ಹಾಗೆ ಬರೆದ.